ಪರಿಹಾರ ಶಬ್ದದ ಅರ್ಥವಿಚಾರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ವಾಸಮಾಡುತ್ತಿರುವ ನನ್ನ ಬಳಿಗೆ ಊರಿನವರು ತಿಥಿವಾರಗಳನ್ನು ಕೇಳುವುದಕ್ಕೂ, ಕಾಗದಪತ್ರಗಳ ಒಕ್ಕಣೆಯನ್ನು ತಿದ್ದಿಸಿಕೊಳ್ಳುವುದಕ್ಕೂ ಬರುವುದುಂಟು. ೨೦೨೫ನೆಯ ಇಸವಿಯ ಮಳೆಗಾಲದಲ್ಲಿ ತೋಟದ ಯಜಮಾನರೊಬ್ಬರು ಹೀಗೆಯೇ ಒಂದು ಕಾಗದವನ್ನು ತಂದರು. ಆ ವರ್ಷದ ಬೇಸಗೆಯಲ್ಲಿ ಅವರ ತೋಟದಲ್ಲಿ ಕಾಯಿ ಕೀಳಲು ಮರವನ್ನೇರಿದ್ದವನೊಬ್ಬನು ಕೆಳಕ್ಕೆ ಬಿದ್ದು, ಸೊಂಟದ ಎಲುಬು ಮುರಿದು, ಮತ್ತೆ ಮರ ಹತ್ತಲಾರದ ಸ್ಥಿತಿಗೆ ಬಂದಿದ್ದನು. ಯಜಮಾನರು ದಯವಿಟ್ಟು ಧರ್ಮಾರ್ಥವಾಗಿ ಕೊಟ್ಟ ಪರಿಹಾರದ ಹಣವನ್ನು ತಾನು ಪಡೆದಿರುವುದಾಗಿಯೂ, ಇನ್ನು ಮುಂದೆ ತನಗಾಗಲಿ ತನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇರುವುದಿಲ್ಲವೆಂಬುದಾಗಿಯೂ ಆತನು ಬರೆದುಕೊಟ್ಟಂತೆ ಆ ಕಾಗದದ ಒಕ್ಕಣೆಯಿತ್ತು. ಕೆಳಗೆ ಹೆಬ್ಬೆಟ್ಟಿನ ಗುರುತಿಗೆ ಸ್ಥಳ ಬಿಟ್ಟಿತ್ತು. ಯಜಮಾನರು ಕ್ರೂರಿಗಳಲ್ಲ, ಆಸ್ಪತ್ರೆಯ ಖರ್ಚಿನ ಬಹುಭಾಗವನ್ನು ತಾವೇ ಕೊಟ್ಟಿದ್ದವರು. ಅವರು ನನ್ನಿಂದ ಬಯಸಿದ್ದು ಭಾಷೆಯ ಶುದ್ಧಿಯನ್ನು ಮಾತ್ರ.

ನನಗೆ ತೊಡಕಾದದ್ದು ಭಾಷೆಯಲ್ಲಿಯೇ. 'ಧರ್ಮಾರ್ಥ' ಎಂಬುದೂ 'ಪರಿಹಾರ' ಎಂಬುದೂ ಒಂದೇ ವಾಕ್ಯದಲ್ಲಿ ಒಂದೇ ಹಣಕ್ಕೆ ವಿಶೇಷಣಗಳಾಗಿ ನಿಲ್ಲಬಲ್ಲವೇ? ನಿಲ್ಲಬಲ್ಲವಾದರೆ ಆ ಹಣವು ದಾನ. ಕೊಟ್ಟವನ ಇಷ್ಟಕ್ಕೆ ಸೇರಿದ್ದು. ನಿಲ್ಲಲಾರವಾದರೆ ಅದು ಋಣ, ಪಡೆಯುವವನಿಗೆ ಸಲ್ಲತಕ್ಕದ್ದು. ಶಬ್ದವೊಂದರ ಅರ್ಥವನ್ನು ನಿಶ್ಚಯಿಸುವುದರಲ್ಲಿ ಒಬ್ಬ ಕುಂಟನಾದವನ ಜೀವನೋಪಾಯವೇ ಅಡಗಿದ್ದುದರಿಂದ ಈ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ನಡೆಸಿ ವಿದ್ವಾಂಸರ ಮುಂದಿಡುತ್ತಿದ್ದೇನೆ.

ಪರಿ ಎಂಬ ಉಪಸರ್ಗಪೂರ್ವಕವಾದ ಹೃ ಧಾತುವಿನಿಂದ ಪರಿಹಾರವೆಂಬುದು ಸಿದ್ಧಿಸುತ್ತದೆ. ಸುತ್ತ ಬಳಸಿ ಹೋಗುವುದು, ತೊರೆಯುವುದು, ತಪ್ಪಿಸುವುದು, ಹೋಗಲಾಡಿಸುವುದು ಇವು ಅದರ ಮೂಲಾರ್ಥಗಳು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಊರಿನ ಸುತ್ತ ನೂರು ಬಿಲ್ಲಳತೆಯ ಭೂಮಿಯನ್ನು ಸಾಗುವಳಿ ಮಾಡದೆ ಬಿಡಬೇಕೆಂದು ಹೇಳುವಾಗ ಆ ಭೂಮಿಗೆ ಪರೀಹಾರವೆಂಬ ಹೆಸರಿದೆ. ನಮ್ಮ ಹಳ್ಳಿಗಳ ಗೋಮಾಳವೆಂದು ಅದನ್ನು ತಿಳಿಯಬಹುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪರಿಹಾರವೆಂದರೆ ಕಂದಾಯದ ವಿನಾಯಿತಿ. ಕನ್ನಡನಾಡಿನ ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಕ್ಕುವ ಸರ್ವಬಾಧಾಪರಿಹಾರವೆಂಬ ಪದವೂ ಇದೇ ಅರ್ಥದ್ದು: ದತ್ತಿಯಾಗಿ ಬಂದ ಭೂಮಿಯ ಮೇಲೆ ಅರಸಿನ ತೆರಿಗೆ ಕಾಣಿಕೆಗಳಾವುವೂ ಇಲ್ಲವೆಂಬ ಘೋಷಣೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ಪ್ರಯೋಗಗಳಲ್ಲಿ ಪರಿಹಾರವು ಮೇಲಿನವನು ಕೆಳಗಿನವನಿಗೆ ಮಾಡುವ ಪ್ರಸಾದ. ಪ್ರಭುವು ತನಗೆ ಬರಬೇಕಾದುದನ್ನು ತಾನಾಗಿ ಬಿಟ್ಟುಕೊಡುತ್ತಾನೆ. ಈಗ ಕಾಯಿದೆಯ ಕನ್ನಡದಲ್ಲಿ 'ನಷ್ಟಪರಿಹಾರ'ವೆಂದೂ, ಆಡುಮಾತಿನಲ್ಲಿ ಬರಿಯ 'ಪರಿಹಾರ'ವೆಂದೂ ಹೇಳುವಾಗ ದಿಕ್ಕು ತಿರುಗುಮುರುಗಾಗಿದೆ: ಕೊಡುವವನು ಬಿಟ್ಟುಕೊಡುವುದಿಲ್ಲ, ಕೊಡಬೇಕಾದುದನ್ನು ಕೊಡುತ್ತಾನೆ. ಆದರೆ ಹಳೆಯ ಪ್ರಸಾದಾರ್ಥದ ವಾಸನೆಯು ಶಬ್ದವನ್ನು ಬಿಟ್ಟಿಲ್ಲ. ಬರಗಾಲದಲ್ಲಿ ಸರ್ಕಾರದವರು ಕೊಡುವುದೂ ಪರಿಹಾರ, ಗ್ರಹಶಾಂತಿಗೆ ಜೋಯಿಸನು ಹೇಳುವುದೂ ಪರಿಹಾರ, ಕಾರ್ಖಾನೆಯಲ್ಲಿ ಕೈ ಕಳೆದುಕೊಂಡವನಿಗೆ ಧಣಿಯು ತೆರಬೇಕಾದುದೂ ಪರಿಹಾರ. ಇಂಗ್ಲಿಷರ ಕಾಂಪೆನ್ಸೇಷನ್ ಎಂಬ ಪದವು ಲ್ಯಾಟಿನ್ ಮೂಲದ್ದು; ಒಂದನ್ನು ಇನ್ನೊಂದರೊಡನೆ ಇಟ್ಟು ತೂಗುವುದೆಂದು ಅದರ ಅವಯವಾರ್ಥ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯನ್ನು ತೂಗುವುದನ್ನು ಕಂಡವರಿಗೆ ಆ ಭಾವನೆಯು ಸುಲಭಗ್ರಾಹ್ಯ. ತಕ್ಕಡಿಯ ಮುಂದೆ ದಯೆಯ ಮಾತಿಲ್ಲ.

ಹಾಗಾದರೆ ನಮ್ಮ ಪೂರ್ವಿಕರಿಗೆ ಈ ತೂಗುವ ಭಾವನೆಯೇ ಇರಲಿಲ್ಲವೇ ಎಂದರೆ, ಇತ್ತು. ಅದರ ಹೆಸರು ಬೇರೆ. ಒಬ್ಬನ ಅಂಗಕ್ಕೆ ಗಾಯಮಾಡಿದವನು ರಾಜನಿಗೆ ದಂಡವನ್ನು ತೆರುವುದಲ್ಲದೆ ಗಾಯಗೊಂಡವನು ಮತ್ತೆ ಎದ್ದು ನಿಲ್ಲುವವರೆಗಿನ ವೆಚ್ಚವನ್ನೂ ಕೊಡಬೇಕೆಂದು ಸ್ಮೃತಿಕಾರರು ವಿಧಿಸಿದ್ದಾರೆ. ಇದು ಸಮುತ್ಥಾನವ್ಯಯ. ಮನುವಿನಲ್ಲಿಯೂ ಯಾಜ್ಞವಲ್ಕ್ಯನಲ್ಲಿಯೂ ಈ ಮಾತಿದೆ. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ನಮ್ಮ ಕಲ್ಯಾಣದಲ್ಲಿಯೇ ಕುಳಿತು ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು ಔಷಧಕ್ಕೂ ಪಥ್ಯಕ್ಕೂ ಗಾಯವು ಮಾಯುವವರೆಗೆ ತಗಲುವ ವೆಚ್ಚವೆಂದು ಅದನ್ನು ಬಿಡಿಸಿದ್ದಾನೆ. ಸಮುತ್ಥಾನ, ಅಂದರೆ ಎದ್ದು ನಿಲ್ಲುವುದು. ಬಿದ್ದವನ ಪಕ್ಷದಿಂದ ನೋಡಿ ಇಟ್ಟ ಹೆಸರು. ಇದಕ್ಕಿಂತ ಸುಂದರವಾದ ಪಾರಿಭಾಷಿಕವು ಯಾವ ಭಾಷೆಯ ನ್ಯಾಯಶಾಸನದಲ್ಲಿಯಾದರೂ ಇದೆಯೇ ಎಂಬುದು ನನಗೆ ಸಂದೇಹ.

ಆದರೆ ಸಮುತ್ಥಾನವ್ಯಯದ ವಿಧಿಯು ಬಂದಿರುವುದು ದಂಡಪಾರುಷ್ಯ ಪ್ರಕರಣದಲ್ಲಿ, ಅಂದರೆ ಹೊಡೆದಾಟದ ಸಂದರ್ಭದಲ್ಲಿ. ಯಾರೂ ಹೊಡೆಯದೆ ಆಕಸ್ಮಿಕವಾಗಿ ಆದ ಅಪಾಯಕ್ಕೆ ಅದು ಅನ್ವಯಿಸುವುದೇ? ಇದಕ್ಕೆ ಹತ್ತಿರದ ವಿಚಾರವು ಮನುವಿನಲ್ಲಿ ಬಂಡಿಯ ಅಪಘಾತಗಳ ಪ್ರಸಂಗದಲ್ಲಿದೆ. ಎತ್ತಿನ ಮೂಗುದಾರ ಹರಿಯುವುದು, ನೊಗ ಮುರಿಯುವುದು, ಅಚ್ಚು ಅಥವಾ ಚಕ್ರ ಮುರಿಯುವುದು, ಬಂಡಿ ಅಡ್ಡಲಾಗಿಯೋ ಹಿಂದಕ್ಕೋ ಸರಿಯುವುದು ಮೊದಲಾದ ಹತ್ತು ಸಂದರ್ಭಗಳಲ್ಲಿ ದಂಡವಿಲ್ಲ. ಸಾರಥಿಯ ಅಕುಶಲತೆಯಿಂದ ಬಂಡಿಯು ದಾರಿ ತಪ್ಪಿ ಹಿಂಸೆಯಾದರೆ ದಂಡವು ಸಾರಥಿಗಲ್ಲ, ಬಂಡಿಯ ಸ್ವಾಮಿಗೆ, ಇನ್ನೂರು ಪಣ. ಸಾರಥಿಯು ಕುಶಲನಾಗಿದ್ದರೆ ದಂಡವು ಅವನಿಗೇ. ಅಂದರೆ ಅರಿಯದವನನ್ನು ಕೆಲಸಕ್ಕಿಟ್ಟುದೇ ಒಡೆಯನ ದೋಷ. ೧೮೩೭ರಲ್ಲಿ ಇಂಗ್ಲೆಂಡಿನಲ್ಲಿ ಮಾಂಸದ ವ್ಯಾಪಾರಿಯ ಕೆಲಸದ ಹುಡುಗನೊಬ್ಬನು ಅತಿಭಾರ ಹೇರಿದ ಗಾಡಿಯಿಂದ ಬಿದ್ದು ತೊಡೆ ಮುರಿದುಕೊಂಡಾಗ ಅಲ್ಲಿಯ ನ್ಯಾಯಾಧೀಶರು ಧಣಿಯಿಂದ ಆತನಿಗೆ ಏನೂ ಸಲ್ಲದೆಂದು ತೀರ್ಮಾನಿಸಿದರೆಂಬುದನ್ನು ಇದರೊಡನೆ ಹೋಲಿಸಬಹುದು. ಆದರೆ ಹೋಲಿಸಿ ಹಿಗ್ಗುವುದಕ್ಕೆ ಮೊದಲು ಒಂದನ್ನು ನೋಡಬೇಕು: ಮನುವಿನ ಆ ಇನ್ನೂರು ಪಣವು ಹೋಗುವುದು ರಾಜನ ಬೊಕ್ಕಸಕ್ಕೆ. ಇದಲ್ಲದೆ ಇದೇ ದಂಡಪಾರುಷ್ಯದಲ್ಲಿ ವರ್ಣಕ್ಕೆ ತಕ್ಕಂತೆ ದಂಡವು ಏರುವುದನ್ನೂ ಇಳಿಯುವುದನ್ನೂ ಮರೆಮಾಚಿ ಸ್ಮೃತಿಗಳನ್ನು ಹೊಗಳುವುದು ಪಾಂಡಿತ್ಯವಲ್ಲ.

ಹಣವು ಯಾರಿಗೆ ಸೇರಬೇಕೆಂಬ ಈ ಪ್ರಶ್ನೆಯು ಇನ್ನೂ ಪ್ರಾಚೀನವಾದುದು. ಕ್ಷತ್ರಿಯನನ್ನು ಕೊಂದವನು ವೈರವನ್ನು ತೀರಿಸುವುದಕ್ಕಾಗಿ ಸಾವಿರ ಗೋವುಗಳನ್ನು ಕೊಡಬೇಕೆಂದು ಆಪಸ್ತಂಬನು ಹೇಳುತ್ತಾನೆ, ಯಾರಿಗೆಂದು ಹೇಳುವುದಿಲ್ಲ. ಬೌಧಾಯನನು ರಾಜನಿಗೆಂದು ಸ್ಪಷ್ಟಪಡಿಸುತ್ತಾನೆ. ಆಪಸ್ತಂಬಸೂತ್ರಕ್ಕೆ ವೃತ್ತಿಯನ್ನು ಬರೆದ ಹರದತ್ತನು ಬ್ರಾಹ್ಮಣರಿಗೆಂದು ಅರ್ಥಮಾಡುತ್ತಾನೆ. ವೈರವನ್ನು ತೀರಿಸುವುದೆಂಬ ಮಾತಿಗೆ ಸತ್ತವನ ಬಂಧುಗಳಿಗೆ ಕೊಡುವುದೆಂಬುದೇ ಸಹಜವಾದ ಅರ್ಥವಾಗಿದ್ದರೂ, ಕಾಲ ಕಳೆದಂತೆ ಅದು ಪ್ರಾಯಶ್ಚಿತ್ತವಾಯಿತು, ಪ್ರಾಯಶ್ಚಿತ್ತವಾದೊಡನೆ ದಾನವಾಯಿತು, ವಿಧವೆಯೂ ಮಕ್ಕಳೂ ವಾಕ್ಯದಿಂದ ಹೊರಗೆ ಬಿದ್ದರು. ನನ್ನ ಮುಂದಿದ್ದ ಕಾಗದದಲ್ಲಿ 'ಧರ್ಮಾರ್ಥ'ವೆಂಬ ಪದವು ಮಾಡಹೊರಟಿದ್ದುದೂ ಇದೇ ಕೆಲಸವನ್ನು.

ಈ ವಿಷಯದಲ್ಲಿ ಸಂಸ್ಕೃತಗ್ರಂಥಗಳಿಗಿಂತ ಕನ್ನಡದ ಕಲ್ಲುಗಳು ನೇರವಾಗಿವೆ. ಕಾದಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆಯೆಂದು ಹೆಸರು. ಕೊಡಗೆಯೆಂಬುದು ಕೊಡುವಿಕೆಯಾದರೂ ಮುಂದಿರುವ 'ನೆತ್ತರು' ಅದು ಯಾವುದರ ಬೆಲೆಯೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಒಂಬತ್ತನೆಯ ಶತಮಾನದ ಕೊನೆಯ ಬೇಗೂರಿನ ವೀರಗಲ್ಲಿನಲ್ಲಿ ನಾಗತ್ತರನು ಮಡಿದ ಬಳಿಕ ಅವನ ಪದವಿಯನ್ನೂ ಬೆಂಪೂರು ಹನ್ನೆರಡನ್ನೂ ಎರೆಯಪನು ಇರುಗನಿಗೆ ಕೊಟ್ಟ ಸಂಗತಿಯಿದೆ. ಇಲ್ಲಿ ಪಡೆಯುವವನಿಗೆ ಹೆಸರುಂಟು, ಊರುಗಳಿಗೆ ಎಣಿಕೆಯುಂಟು. ಆದರೆ ಈ ಕೊಡಗೆಗಳೆಲ್ಲವೂ ಕತ್ತಿಯ ಕೆಲಸಕ್ಕೆ. ಕೆರೆಯ ಏರಿಯಲ್ಲಿ ಮಣ್ಣು ಕುಸಿದು ಸತ್ತವನಿಗೂ, ಗುಡಿಯ ಕಲ್ಲನ್ನೇರಿಸುವಾಗ ಕಾಲು ಜಜ್ಜಿಹೋದವನಿಗೂ ನೆತ್ತರುಗೊಡಗೆ ಸಂದುದನ್ನು ನಾನು ಓದಿದ ಶಾಸನಗಳಲ್ಲಿ ಕಾಣೆ. ಅವರ ನೆತ್ತರೂ ನೆತ್ತರೇ ಆಗಿದ್ದಿತು.

ದುಡಿಯುವವನ ವಿಷಯದಲ್ಲಿ ಮನುವು ಹೇಳುವುದಿಷ್ಟೇ: ರೋಗದಿಂದ ಕೆಲಸ ಬಿಟ್ಟವನು ಗುಣವಾದ ಮೇಲೆ ಬಂದು ಒಪ್ಪಿದ ಕೆಲಸವನ್ನು ಮುಗಿಸಿದರೆ, ಎಷ್ಟು ದೀರ್ಘಕಾಲವಾಗಿದ್ದರೂ ಅವನಿಗೆ ವೇತನವು ಸಲ್ಲುತ್ತದೆ. ಗುಣವಾಗದಿದ್ದರೆ? ಅದಕ್ಕೆ ಉತ್ತರವಿಲ್ಲ. ಶುಕ್ರನೀತಿಯಲ್ಲಿ ರೋಗಿಯಾದ ಭೃತ್ಯನಿಗೆ ವೇತನದ ಭಾಗವನ್ನು ಕೊಡತಕ್ಕದ್ದೆಂಬ ಮಾತುಗಳಿದ್ದರೂ ಆ ಗ್ರಂಥದ ಕಾಲವು ತೀರ ಈಚಿನದೆಂದು ವಿದ್ವಾಂಸರು ಬಲವಾಗಿ ಶಂಕಿಸಿರುವುದರಿಂದ ಅದನ್ನು ಇಲ್ಲಿ ಪ್ರಮಾಣವಾಗಿ ಹಿಡಿದಿಲ್ಲ. ಹೀಗೆ ನಮ್ಮ ಶಾಸ್ತ್ರದಲ್ಲಿ ಮಾಯುವ ವೆಚ್ಚವುಂಟು, ಮಾಯದೆ ಉಳಿದ ಊನಕ್ಕೆ ಬೆಲೆಯಿಲ್ಲ.

ಈ ಬೆಲೆಯನ್ನು ಕಟ್ಟಿದುದು ಈಚಿನ ಶಾಸನ. ೧೮೮೪ರಲ್ಲಿ ಜರ್ಮನಿಯಲ್ಲಿಯೂ ೧೮೯೭ರಲ್ಲಿ ಇಂಗ್ಲೆಂಡಿನಲ್ಲಿಯೂ ಆದ ಕಾಯಿದೆಗಳ ದಾರಿಯನ್ನು ಹಿಡಿದು ಬ್ರಿಟಿಷ್ ಇಂಡಿಯಾದಲ್ಲಿ ೧೯೨೩ರಲ್ಲಿ ಕೆಲಸಗಾರರ ನಷ್ಟಪರಿಹಾರದ ಆಕ್ಟು ಹುಟ್ಟಿ, ೧೯೨೪ನೆಯ ಜುಲೈ ೧ರಿಂದ ಜಾರಿಗೆ ಬಂದಿತು. ಇದಕ್ಕೆ ಹಿಂದೆ ೧೮೫೫ರ ಕಾಯಿದೆಯೊಂದು ಸತ್ತವನ ಮನೆಯವರಿಗೆ ದಾವೆ ಹೂಡುವ ಅಧಿಕಾರವನ್ನು ಕೊಟ್ಟಿದ್ದರೂ ಎದುರಿನವನ ತಪ್ಪನ್ನು ಸ್ಥಾಪಿಸಬೇಕಾಗಿದ್ದಿತು. ೧೯೨೩ರ ಆಕ್ಟಿನ ಹೊಸತನವೇನೆಂದರೆ ತಪ್ಪಿನ ಪ್ರಶ್ನೆಯನ್ನೇ ಬದಿಗಿಟ್ಟುದು. ಅಪಘಾತವು ಉದ್ಯೋಗದ ಕಾರಣದಿಂದ ಉದ್ಯೋಗದ ಕಾಲದಲ್ಲಿ ಆಗಿದ್ದರೆ ಸಾಕು. ಧಣಿಯು ತಪ್ಪಿತಸ್ಥನೋ ಅಲ್ಲವೋ ಎಂಬ ವಿಚಾರವಿಲ್ಲ.

ನಮ್ಮ ಕಡೆ ಕಾಯಿ ಕೆಡಹುವವನು ಮರದ ಮೇಲಿನಿಂದ ಕೆಳಗಿನವರನ್ನು ದೂರ ಸರಿಯಿರೆಂದು ಕೂಗುತ್ತಾನೆ. ಕೌಟಿಲ್ಯನೂ ಯಾಜ್ಞವಲ್ಕ್ಯನೂ ಈ ಕೂಗನ್ನು ಬಲ್ಲರು: ಮರ ಕಡಿಯುವಾಗ, ಕಲ್ಲು ಕಟ್ಟಿಗೆಗಳನ್ನು ಎಸೆಯುವಾಗ 'ಅಪೇಹಿ' ಎಂದು ಕೂಗಿದವನಿಗೆ ದಂಡವಿಲ್ಲ. ದಂಡದ ವಿಷಯಕ್ಕೆ ಆ ಕೂಗು ಸಾಕು. ಆದರೆ ತೋಟದಲ್ಲಿ ಕಾಯಿ ಆಯುವ ಕೂಲಿಯ ಹೆಂಗಸಿನ ತಲೆಯ ಮೇಲೆ ಗೊನೆ ಬಿದ್ದರೆ ಹೊಸ ಶಾಸನದ ಪ್ರಕಾರ ಕೂಗಿದುದರಿಂದ ಕೂಲಿಗೆ ಕರೆದವನ ಋಣವು ತೀರುವುದಿಲ್ಲ. ಕುಡಿದಿದ್ದರೆ, ಅಥವಾ ರಕ್ಷಣೆಗಾಗಿ ವಿಧಿಸಿದ ಅಪ್ಪಣೆಯನ್ನು ಬೇಕೆಂದೇ ಮೀರಿದ್ದರೆ ಸಲ್ಲದೆಂಬ ಅಪವಾದಗಳುಂಟು. ಸಾವೋ ಪೂರ್ಣವಾದ ಶಾಶ್ವತ ಊನವೋ ಆದಲ್ಲಿ ಈ ಅಪವಾದಗಳೂ ನಿಲ್ಲವು.

ಲೆಕ್ಕವನ್ನು ವಿವರಿಸುತ್ತೇನೆ, ಏಕೆಂದರೆ ತೂಗುವುದೆಂಬ ಅರ್ಥವು ಲೆಕ್ಕದಲ್ಲಿಯೇ ಸ್ಪಷ್ಟವಾಗುವುದು. ಪೂರ್ಣವಾದ ಶಾಶ್ವತ ಊನಕ್ಕೆ ತಿಂಗಳ ಕೂಲಿಯ ನೂರಕ್ಕೆ ೬೦ ಭಾಗವನ್ನೂ ಸಾವಿಗೆ ೫೦ ಭಾಗವನ್ನೂ ತೆಗೆದುಕೊಂಡು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಗುಣಕವು ೨೫ ವರ್ಷದವನಿಗೆ ೨೧೬.೯೧, ೪೦ ವರ್ಷದವನಿಗೆ ೧೮೪.೧೭, ೬೦ ವರ್ಷದವನಿಗೆ ೧೧೭.೪೧. ಲೆಕ್ಕಕ್ಕೆ ಹಿಡಿಯಬಹುದಾದ ಕೂಲಿಯ ಮಿತಿಯನ್ನು ೨೦೨೦ನೆಯ ಜನವರಿಯಲ್ಲಿ ತಿಂಗಳಿಗೆ ೧೫,೦೦೦ ರೂಪಾಯಿಗಳೆಂದು ಗೊತ್ತುಮಾಡಿದರು. ಆದುದರಿಂದ ಅಷ್ಟು ಕೂಲಿಯುಳ್ಳ ೪೦ ವರ್ಷದವನಿಗೆ ಪೂರ್ಣ ಊನವಾದರೆ ೧೬,೫೭,೫೩೦ ರೂಪಾಯಿಗಳೂ, ಆತನು ಸತ್ತರೆ ಮನೆಯವರಿಗೆ ೧೩,೮೧,೨೭೫ ರೂಪಾಯಿಗಳೂ ಸಲ್ಲುತ್ತವೆ. ಭಾಗಶಃ ಊನಕ್ಕೆ ಅನುಬಂಧದಲ್ಲಿ ಪಟ್ಟಿಯಿದೆ. ಹೆಬ್ಬೆರಳು ಹೋದರೆ ನೂರಕ್ಕೆ ೩೦, ಒಂದು ಕೈಯ ನಾಲ್ಕು ಬೆರಳುಗಳು ಹೋದರೆ ೫೦. ನಮ್ಮ ಸೀಮೆಯ ತೆಂಗಿನ ನಾರಿನ ಕಾರ್ಖಾನೆಗಳಲ್ಲಿ ಯಂತ್ರಕ್ಕೆ ಸಿಪ್ಪೆಯನ್ನು ಊಡುವವರು ಈ ಪಟ್ಟಿಯನ್ನು ಓದಿಸಿ ಕೇಳಿರುವುದು ಒಳ್ಳೆಯದು.

ಸೊಂಟದ ಎಲುಬು ಆ ಪಟ್ಟಿಯಲ್ಲಿಲ್ಲ. ಅಂತಹವುಗಳಲ್ಲಿ ದುಡಿಮೆಯ ಶಕ್ತಿಯು ಎಷ್ಟು ಕುಗ್ಗಿತೆಂಬುದನ್ನು ವೈದ್ಯನು ಹೇಳಬೇಕು. ಇಲ್ಲಿ ಸುಪ್ರೀಂ ಕೋರ್ಟಿನ, ೧೯೭೬ರಲ್ಲಿ ವರದಿಯಾದ ತೀರ್ಪೊಂದು ಮುಖ್ಯವಾದುದು. ಬಡಗಿಯೊಬ್ಬನು ಎಡಗೈಯನ್ನು ಕಳೆದುಕೊಂಡಿದ್ದನು. ಪಟ್ಟಿಯಂತೆ ಅದು ಭಾಗಶಃ ಊನ. ಒಂದೇ ಕೈಯಿಂದ ಬಡಗಿಯ ಕೆಲಸವು ನಡೆಯದಾದುದರಿಂದ ಆತನ ಪಾಲಿಗೆ ಅದು ಪೂರ್ಣ ಊನವೆಂದು ನ್ಯಾಯಾಲಯವು ಹೇಳಿತು. ಅಪಘಾತವಾದ ದಿನದಿಂದಲೇ ಹಣವು ಸಲ್ಲತಕ್ಕದ್ದೆಂದೂ ಹೇಳಿತು. ಇದೇ ನ್ಯಾಯದಿಂದ, ಮರವನ್ನೇರಿಯೇ ಬದುಕುವವನು ಮತ್ತೆ ಏರಲಾರದೆ ಹೋದರೆ, ಕುಳಿತು ಬೀಡಿ ಕಟ್ಟಬಹುದಲ್ಲವೇ ಎಂದು ಅವನಿಗೆ ಹೇಳಿ ಹಣವನ್ನು ಇಳಿಸಲಾಗದು.

ಇನ್ನು ಸಮುತ್ಥಾನವ್ಯಯ. ವಿಚಿತ್ರವೇನೆಂದರೆ ೧೯೨೩ರ ಆಕ್ಟಿನಲ್ಲಿ ಬಹುಕಾಲ ಅದು ಇರಲಿಲ್ಲ. ಸ್ಮೃತಿಗಳಲ್ಲಿ ಮಾಯುವ ವೆಚ್ಚವಿದ್ದು ಊನದ ಬೆಲೆಯಿಲ್ಲದಂತೆ, ಇಲ್ಲಿ ಊನದ ಬೆಲೆಯಿದ್ದು ಮಾಯುವ ವೆಚ್ಚವಿರಲಿಲ್ಲ. ೨೦೦೯ರಲ್ಲಿ ಮಾಡಿದ ತಿದ್ದುಪಡಿಯು ೨೦೧೦ನೆಯ ಜನವರಿಯಲ್ಲಿ ಜಾರಿಗೆ ಬಂದಾಗ, ಚಿಕಿತ್ಸೆಗೆ ನಿಜವಾಗಿ ತಗಲಿದ ವೆಚ್ಚವನ್ನೂ ಧಣಿಯು ಕೊಡತಕ್ಕದ್ದೆಂದು ಸೇರಿತು. ವಿಜ್ಞಾನೇಶ್ವರನ ಔಷಧವೂ ಕಾಯಿದೆಯ ಗುಣಕವೂ ಅಂದಿನಿಂದ ಒಂದೆಡೆ ಕೂಡಿವೆ. ಇವೆರಡೂ ಬೇರೆ ಬೇರೆ ಋಣಗಳೆಂಬುದನ್ನೂ ಶಾಸನವು ಮರೆತಿಲ್ಲ: ಚಿಕಿತ್ಸೆಗೆಂದು ಕೊಟ್ಟ ಹಣವನ್ನು ಪರಿಹಾರದ ಲೆಕ್ಕದಲ್ಲಿ ಕಳೆಯಕೂಡದು. ಯಜಮಾನರು ಆಸ್ಪತ್ರೆಗೆ ಕೊಟ್ಟುದು ಹೀಗೆ ಒಂದು ಋಣದ ಬಹುಭಾಗ. ಇನ್ನೊಂದು ಹಾಗೆಯೇ ನಿಂತಿತ್ತು.

ಹೆಬ್ಬೆಟ್ಟಿನ ಕಾಗದದ ಗತಿಯೇನು? ಗಾಯಗೊಂಡವನು ತನ್ನ ಹಕ್ಕನ್ನು ಬಿಟ್ಟುಕೊಟ್ಟಂತೆ ಬರೆದ ಕರಾರು ಶೂನ್ಯವೆಂದು ಆಕ್ಟಿನ ೧೭ನೆಯ ಕಲಮು ಹೇಳುತ್ತದೆ. ಒಟ್ಟು ಹಣದ ಬಗ್ಗೆ ಉಭಯರೂ ಒಪ್ಪಂದಕ್ಕೆ ಬಂದರೆ ಅದನ್ನು ಕಮಿಷನರವರಲ್ಲಿ ನೋಂದಾಯಿಸಬೇಕು. ಹಣವು ಸಾಲದೆಂದೋ ಮೋಸದಿಂದಲೋ ಒತ್ತಾಯದಿಂದಲೋ ಆದುದೆಂದೋ ಕಂಡರೆ ಅವರು ನೋಂದಾಯಿಸದಿರಬಹುದು. ಮೃತನಾದವನ ವಿಷಯದಲ್ಲಂತೂ ಹಣವನ್ನು ಕಮಿಷನರವರಲ್ಲಿಯೇ ಠೇವಣಿ ಇಡಬೇಕು. ವಿಧವೆಯ ಕೈಗೆ ನೇರವಾಗಿ ಕೊಟ್ಟುದು ಪರಿಹಾರವೆಂದು ಗಣನೆಗೆ ಬಾರದು. ಹಕ್ಕು ಸಾಧಿಸುವ ಅವಧಿ ಎರಡು ವರ್ಷ. ಹೀಗಿರುವಲ್ಲಿ ನಾನು ಎಷ್ಟು ಶುದ್ಧವಾದ ಕನ್ನಡದಲ್ಲಿ ಬರೆದುಕೊಟ್ಟರೂ ಆ ಕಾಗದವು ಕಾಗದವೇ.

೧೯೨೩ರ ಆಕ್ಟು ಈಗ ರದ್ದಾಗಿ, ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯು ೨೦೨೫ನೆಯ ನವೆಂಬರ್ ೨೧ರಿಂದ ಆ ಸ್ಥಾನಕ್ಕೆ ಬಂದಿದೆ. ಸಂಹಿತೆಯ ಏಳನೆಯ ಅಧ್ಯಾಯವು ಹಳೆಯ ತತ್ತ್ವಗಳನ್ನೇ ಹೆಚ್ಚಾಗಿ ಉಳಿಸಿಕೊಂಡು, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಉದ್ಯೋಗದ ಸಂಬಂಧದಿಂದಾದ ಅಪಘಾತವನ್ನೂ ಸೇರಿಸಿಕೊಂಡಿದೆ. ನಮ್ಮ ಊರಿನವನು ಬಿದ್ದದ್ದು ಅದಕ್ಕೆ ಮೊದಲು. ಆತನಿಗೆ ಹಳೆಯ ಆಕ್ಟಿನ ಲೆಕ್ಕವೇ.

ಇಷ್ಟನ್ನು ನಾನು ಯಜಮಾನರಿಗೆ ಬಿಡಿಸಿ ಹೇಳಿದಾಗ ಅವರು ಒಡ್ಡಿದ ಪೂರ್ವಪಕ್ಷವು ಗಟ್ಟಿಯಾದುದು. "ಶಾಸ್ತ್ರಿಗಳೇ, ಅವನು ನನ್ನ ಆಳಲ್ಲ. ಬೆಳಿಗ್ಗೆ ನನ್ನ ತೋಟ, ಮಧ್ಯಾಹ್ನ ಇನ್ನೊಬ್ಬರದು. ಮರಕ್ಕಿಷ್ಟು ಎಂದು ಎಣಿಸಿ ಕೊಡುತ್ತೇವೆ. ಆ ದಿನ ಅವನನ್ನು ಕರೆತಂದವನು ಕಾಯಿ ಕೊಳ್ಳುವ ವ್ಯಾಪಾರಿ. ನಾನು ಹೇಗೆ ಧಣಿಯಾದೆ?" ಎಂದರು. ಬಂಡಿಗೆ ಸ್ವಾಮಿಯೊಬ್ಬನಿದ್ದಾನೆ, ಈ ಕೆಲಸಕ್ಕೆ ಸ್ವಾಮಿ ಯಾರು? ಮರದ ಒಡೆಯನೋ, ಫಲದ ಗುತ್ತಿಗೆದಾರನೋ, ಅಥವಾ ಏರುವವನು ತನಗೆ ತಾನೇ ಸ್ವಾಮಿಯೋ? ಮೂರನೆಯದೇ ಸರಿಯಾದರೆ ಮೇಲಿನ ಲೆಕ್ಕವೆಲ್ಲವೂ ವ್ಯರ್ಥ.

ಸಮಾಧಾನವನ್ನು ಪೂರ್ಣವಾಗಿ ಹೇಳಲಾರೆನಾದರೂ ಕೆಲವು ಹೆಜ್ಜೆಗಳು ನಿಶ್ಚಿತವಾಗಿವೆ. ಆಕ್ಟಿನ ಎರಡನೆಯ ಅನುಬಂಧದಲ್ಲಿ ತಾಳೆಯ ಜಾತಿಯ ಮರಗಳಿಂದ ರಸವಿಳಿಸುವವರ ಹೆಸರುಂಟು, ಭೂಮಿಯ ಸಾಗುವಳಿಯಲ್ಲಿ ನಿಯುಕ್ತರಾದವರ ಹೆಸರುಂಟು. ತೆಂಗಿನ ಕಾಯಿ ಕೀಳುವವರ ಹೆಸರು ಪ್ರತ್ಯೇಕವಾಗಿ ಇಲ್ಲದಿದ್ದರೂ ತೋಟದ ಫಸಲನ್ನಿಳಿಸುವುದನ್ನು ಸಾಗುವಳಿಯಿಂದ ಹೊರಗಿಡುವುದು ಕ್ಲಿಷ್ಟಕಲ್ಪನೆ. ಬಿಡಿಯಾಗಿ ಕೂಲಿಗೆ ಬಂದವನು ಕೆಲಸಗಾರನಲ್ಲವೆಂದು ಹೊರಗಿಡುತ್ತಿದ್ದ ಮಾತನ್ನು ೨೦೦೦ದ ತಿದ್ದುಪಡಿಯು ತೆಗೆದುಹಾಕಿತು. ಆದುದರಿಂದ ಒಂದೇ ದಿನದ ಕೂಲಿಯೆಂಬುದು ಉತ್ತರವಲ್ಲ. ಗುತ್ತಿಗೆದಾರನ ಮೂಲಕ ತನ್ನ ವ್ಯವಹಾರದ ಕೆಲಸವನ್ನು ಮಾಡಿಸಿಕೊಂಡವನೂ ಹೊಣೆಗಾರನಾಗಿ, ಬಳಿಕ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದೆಂದು ೧೨ನೆಯ ಕಲಮು. ಉಳಿಯುವ ಪ್ರಶ್ನೆಯೊಂದೇ: ಯಾವ ಮರವನ್ನು ಯಾವಾಗ ಹೇಗೆ ಏರಬೇಕೆಂದು ಹೇಳುವ ಅಧಿಕಾರವು ಯಾರದಾಗಿತ್ತು? ಇದು ಸಾಕ್ಷಿಯಿಂದ ತಿಳಿಯಬೇಕಾದ ಸಂಗತಿ, ವ್ಯಾಕರಣದಿಂದ ಸಾಧಿಸತಕ್ಕದ್ದಲ್ಲ.

ಸ್ವಾಮಿಯಿಲ್ಲದವನಿಗೆ ಉಳಿದಿರುವ ದಾರಿ ವಿಮೆ. ಕೊಚ್ಚಿಯಲ್ಲಿರುವ ತೆಂಗು ಅಭಿವೃದ್ಧಿ ಮಂಡಲಿಯವರು ಕೇರಸುರಕ್ಷಾ ಎಂಬ ಹೆಸರಿನಿಂದ ಮರ ಹತ್ತುವವರಿಗಾಗಿಯೇ ಒಂದು ಅಪಘಾತ ವಿಮೆಯನ್ನು ನಡೆಸಿದ್ದಾರೆ. ಕಂತಿನ ಹೆಚ್ಚಿನ ಭಾಗವನ್ನು ಮಂಡಲಿಯೂ ಉಳಿದ ಅಲ್ಪಭಾಗವನ್ನು ಹತ್ತುವವನೂ ತೆರುವ ವ್ಯವಸ್ಥೆ. ಅಲ್ಲಿ ಧಣಿ ಯಾರೆಂಬ ಪ್ರಶ್ನೆಯು ಏಳುವುದೇ ಇಲ್ಲ. ನಮ್ಮ ಊರಿನವನು ಅದರ ಹೆಸರನ್ನು ಕೇಳಿದ್ದು ಬಿದ್ದ ಮೇಲೆ.

ನಾನು ಆ ಕಾಗದದಲ್ಲಿ 'ದಯವಿಟ್ಟು ಧರ್ಮಾರ್ಥವಾಗಿ' ಎಂಬುದನ್ನು ಹೊಡೆದುಹಾಕಿ, 'ಚಿಕಿತ್ಸೆಯ ವೆಚ್ಚದ ಬಾಬ್ತು' ಎಂದು ಮೇಲೆ ಬರೆದು, ಹಕ್ಕಿಲ್ಲವೆಂಬ ವಾಕ್ಯವನ್ನು ಪೂರ್ತಿಯಾಗಿ ತೆಗೆದು ಹಿಂದಕ್ಕೆ ಕೊಟ್ಟೆನು. ಯಜಮಾನರಿಗೆ ಅಸಮಾಧಾನವಾಯಿತು; ಆದರೂ ಆ ತಿದ್ದಿದ ಪ್ರತಿಗೇ ಹೆಬ್ಬೆಟ್ಟನ್ನು ಹಾಕಿಸಿಕೊಂಡರು. ಗಾಯಗೊಂಡವನ ಅರ್ಜಿಯು ಅವಧಿಯೊಳಗಾಗಿ ದಾಖಲಾಗಿದೆ. ತೋಟದ ಯಜಮಾನರೂ ಕಾಯಿಯ ವ್ಯಾಪಾರಿಯೂ ಇಬ್ಬರೂ ಅದರಲ್ಲಿ ಎದುರು ಕಕ್ಷಿಗಳು. ಅಂದು ಮರ ಹತ್ತೆಂದು ಹೇಳಿದವರು ಯಾರೆಂಬ ವಿಚಾರಣೆಯು ಇನ್ನೂ ಮುಗಿದಿಲ್ಲ.